ಪಾವಿನ ಬೀದಿಯಲ್ಲಿ ಐದನೇ ಕ್ಲಾಸು

ನಮ್ಮೂರಿಗೆ ಬೆಳಗಿನ ಮೊದಲ ಬಸ್ಸು ಆರೂವರೆಗೆ ಬರುತ್ತಿತ್ತು, ಎರಡನೆಯದು ಹತ್ತೂಕಾಲಿಗೆ. ಸ್ಕೂಲಿನ ಗಂಟೆ ಒಂಬತ್ತೂವರೆಗೆ. ಹೊರಗಿನಿಂದ ಬರುವ ಟೀಚರುಗಳಿಗೆಲ್ಲ ಇದೊಂದು ತಲೆನೋವು. ಎರಡನೆಯ ಬಸ್ಸಿಗೆ ಬಂದರೆ ತಡ, ಮೊದಲನೆಯದಕ್ಕೆ ಬಂದರೆ ಮೂರು ಗಂಟೆ ಕಾಲ ಏನು ಮಾಡುವುದೆಂದು ತಿಳಿಯದ ಸಂಕಟ. ನಮ್ಮ ಪಾಲಿಗೆ ಬಂದ ಟೀಚರುಗಳು ಸಾಮಾನ್ಯವಾಗಿ ತಡವನ್ನೇ ಆರಿಸಿಕೊಳ್ಳುತ್ತಿದ್ದರು. ಅವರು ಬರುವತನಕ ನಾವು ಬೇವಿನ ಮರದ ಕೆಳಗೆ ಜುಟ್ಟು ಹಿಡಿದು ಕಿತ್ತಾಡಿಕೊಂಡಿರುತ್ತಿದ್ದೆವು. ಈ ಏರ್ಪಾಡಿನ ಬಗ್ಗೆ ಯಾರದೂ ದೂರಿರಲಿಲ್ಲ.

ಎಂಬತ್ತರ ದಶಕದ ನಡುವೆ, ನಾನು ಐದನೇ ಕ್ಲಾಸಿಗೆ ಬಂದ ಜೂನ್ ತಿಂಗಳಲ್ಲಿ, ಕಾಂಗೇಯಂ ಕಡೆಯಿಂದ ಹೊಸದಾಗಿ ಒಬ್ಬ ಟೀಚರಮ್ಮ ಬಂದರು. ಇವರು ಮೊದಲ ಬಸ್ಸಿಗೇ ಬಂದರು. ಮಾರನೆಯ ದಿನವೂ ಮೊದಲ ಬಸ್ಸಿಗೇ ಬಂದರು. ಪುಟ್ಟ ಆಳು, ದೊಡ್ಡ ಚೀಲ, ಎಣ್ಣೆ ಹಾಕಿ ಬಿಗಿಯಾಗಿ ಬಾಚಿದ ಜಡೆ. ಸ್ಕೂಲಿನ ಬೀಗದ ಕೈ ಹೆಡ್ಮಾಸ್ಟರ ಹತ್ತಿರ, ಹೆಡ್ಮಾಸ್ಟರು ಒಂಬತ್ತಕ್ಕೆ ಮುಂಚೆ ಮನೆಯಿಂದ ಹೊರಗೆ ಕಾಲಿಡುವವರಲ್ಲ. ಹಾಗಾಗಿ ಟೀಚರಮ್ಮ ಜಗಲಿಯ ಮೇಲೆ ಒಬ್ಬರೇ ಕೂತು ಡಬ್ಬಿಯ ಇಡ್ಲಿ ತಿನ್ನುತ್ತಿದ್ದರು. ಒಂದು ವಾರದೊಳಗೆ ಈಕೆಯೂ ಎರಡನೇ ಬಸ್ಸಿಗೆ ಬದಲಾಗುತ್ತಾಳೆ ಅಂತ ನಮ್ಮ ಬೀದಿಯವರು ಅಂದುಕೊಂಡಿದ್ದರು.

ನಮ್ಮದು ಕೊಯಮತ್ತೂರಿಗೂ ತಿರುಪ್ಪೂರಿಗೂ ನಡುವೆ, ದೊಡ್ಡ ರಸ್ತೆಯಿಂದ ಒಳಗೆ ಸರಿದ ಊರು. ಊರೆಲ್ಲ ತಮಿಳು, ನಮ್ಮ ನೇಕಾರರ ಬೀದಿಯೊಂದು ಕನ್ನಡ. ಅದೂ ಮನೆಯೊಳಗಿನ ಕನ್ನಡ. ಹೊಸ್ತಿಲು ದಾಟಿದರೆ ನಮ್ಮ ನಾಲಿಗೆ ತಾನಾಗಿ ತಮಿಳಿಗೆ ತಿರುಗುತ್ತಿತ್ತು. ಕನ್ನಡ ಅಕ್ಷರ ಬಲ್ಲವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ನಾನು ಕಲಿತದ್ದು ಮದುವೆಯಾಗಿ ಕೊಳ್ಳೇಗಾಲದ ಕಡೆ ಬಂದ ಮೇಲೆ, ನನ್ನ ಮಗಳ ಒಂದನೇ ಕ್ಲಾಸಿನ ಪುಸ್ತಕದಿಂದ. ಅವಳು ಅ ಆ ಬರೆಯುವಾಗ ಪಕ್ಕದಲ್ಲಿ ಕೂತು ನಾನೂ ಬರೆದೆ. ಅವಳಿಗೆ ಅದು ಬಹಳ ದಿನ ನಗುವ ವಿಷಯವಾಗಿತ್ತು.

ಟೀಚರಮ್ಮನ ಮೊದಲ ಪ್ರಯತ್ನ ಚೀಟಿ. ಪ್ರತಿ ಮಗುವಿನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಈ ವಾರ ನಿಮ್ಮ ಮಗು ಏನು ಕಲಿಯಿತು, ಎಲ್ಲಿ ತೊಡಕು, ಮನೆಯಲ್ಲಿ ಏನು ಮಾಡಿಸಬೇಕು ಎಂದು ಮುತ್ತಿನಂಥ ತಮಿಳಿನಲ್ಲಿ ಬರೆದು ಕಳಿಸಿದರು. ಹೆಂಗಸರಿಗೆ ಓದು ಬರುತ್ತಿರಲಿಲ್ಲ. ಗಂಡಸರಿಗೆ ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು. ಓದಿ ಹೇಳಬೇಕಾದವರು ನಾವೇ ಮಕ್ಕಳು, ನಮಗೆ ಅದರಲ್ಲಿ ಏನು ಲಾಭ. ನಮ್ಮ ಮನೆಯಲ್ಲಿ ಅಜ್ಜಿ ಆ ಚೀಟಿಯನ್ನು ಕಣ್ಣಿಗೊತ್ತಿಕೊಂಡು, ಕುಂಕುಮ ಇಟ್ಟು, ದೇವರ ಪಟದ ಹಿಂದೆ ಸಿಕ್ಕಿಸಿದಳು. ಅಕ್ಷರ ಬರೆದ ಕಾಗದ ಕಾಲಿಗೆ ಸಿಗಬಾರದಲ್ಲ. ಬೀದಿಯ ಎಷ್ಟೋ ಮನೆಗಳಲ್ಲಿ ನಮ್ಮ ಗುಣಾಕಾರದ ಕಷ್ಟಗಳಿಗೆ ಹೀಗೆ ಮಂಗಳವಾರ ಶುಕ್ರವಾರ ಊದುಬತ್ತಿ ಬೆಳಗುತ್ತಿತ್ತು.

ಎರಡನೆಯ ಪ್ರಯತ್ನ ಹೆತ್ತವರ ಸಭೆ. ನೇಯ್ದ ಸೀರೆಗಳನ್ನು ಸೊಸೈಟಿಗೆ ಒಪ್ಪಿಸುವ ಹಿಂದಿನ ದಿನ, ಮಗ್ಗದಿಂದ ಏಳಲು ಯಾರಿಗೂ ಪುರುಸೊತ್ತಿಲ್ಲದ ಮಧ್ಯಾಹ್ನ, ಪಾಪ ಗೊತ್ತಿಲ್ಲದೆ ಅದೇ ದಿನ ಕರೆದಿದ್ದರು. ಬಂದವರು ಮೂವರು. ಅವರಲ್ಲೊಬ್ಬರು ರೇಷನ್ ಕಾರ್ಡಿನ ಅರ್ಜಿ ಬರೆಸಿಕೊಳ್ಳಲು ಬಂದವರು. ಟೀಚರಮ್ಮ ಹಾಕಿಸಿಟ್ಟಿದ್ದ ಬೆಂಚುಗಳನ್ನು ನಾವೇ ಎತ್ತಿ ಒಳಗಿಟ್ಟೆವು. ಅವರ ಮುಖ ಸಣ್ಣದಾಗಿತ್ತು. ಈ ಜನಕ್ಕೆ ಮಕ್ಕಳ ಓದು ಬೇಕಿಲ್ಲ ಎಂದು ಅವರು ಹೆಡ್ಮಾಸ್ಟರಿಗೆ ಹೇಳಿದ್ದು ನಮಗೂ ಕೇಳಿಸಿತು.

ಇನ್ನು ಪಾವಿನ ಮಾತು ಹೇಳಬೇಕು. ಪಾವು ಎಂದರೆ ಸೀರೆಯ ಉದ್ದಕ್ಕೆ ಓಡುವ ನೂಲು. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬೀದಿಯ ಉದ್ದಕ್ಕೂ, ಬಿದಿರಿನ ಕತ್ತರಿಕಾಲುಗಳ ಮೇಲೆ ಬಿಗಿದು ಕಟ್ಟಿ, ಗಂಜಿ ಹಚ್ಚಿ, ದೊಡ್ಡ ಕುಂಚದಿಂದ ತೀಡಿ, ಎಳೆ ಎಳೆ ಬಿಡಿಸಿ ಒಣಗಿಸಬೇಕು. ಬಿಸಿಲು ಬಲಿತರೆ ನೂಲು ಸಿಡಿಯುತ್ತದೆ, ಅದಕ್ಕೇ ಬೆಳಕು ಹರಿಯುವಾಗಲೇ ಶುರು. ಒಂದು ಮನೆಯ ಪಾವಿಗೆ ಬೀದಿಯ ಅರ್ಧ ಜನ ಬೇಕು. ಎರಡೂ ಕಡೆ ಸಾಲಾಗಿ ನಿಂತು, ಅಂಟಿದ ಎಳೆ ಬಿಡಿಸುವವರು, ತುಂಡಾದ ಎಳೆ ಗಂಟು ಹಾಕುವವರು, ಎಳೆ ಬೆರೆಯದ ಹಾಗೆ ನಡುನಡುವೆ ಕೋಲು ಹಿಡಿಯುವವರು. ಇವತ್ತು ನಿಮ್ಮದು, ನಾಳೆ ನಮ್ಮದು. ನಮ್ಮಪ್ಪನ ಕೈ ಕುಂಚಕ್ಕೆ ಒಳ್ಳೆಯ ಕೈ ಅನ್ನುವ ಹೆಸರಿತ್ತು, ಹಾಗಾಗಿ ಯಾರ ಮನೆಯ ಪಾವಾದರೂ ಅಪ್ಪ ಇರಲೇಬೇಕು. ಗಂಜಿ ಹಚ್ಚಿದ ಮೇಲೆ ಒಣಗುವತನಕ ಯಾರೂ ಜಾಗ ಬಿಟ್ಟು ಕದಲುವಂತಿಲ್ಲ.

ಜುಲೈ ಕಳೆಯುವ ಹೊತ್ತು, ಆಡಿ ತಿಂಗಳ ಒಂದು ಬೆಳಗ್ಗೆ ಟೀಚರಮ್ಮ ಬಸ್ಸಿಳಿದು ನಮ್ಮ ಬೀದಿಯಲ್ಲೇ ಹಾದು ಬರುತ್ತಿದ್ದರು. ಕೋಲು ಹಿಡಿದಿದ್ದ ಒಬ್ಬ ಹೆಂಗಸಿನ ಕೂಸು ಮನೆಯೊಳಗೆ ಕಿರುಚಿಕೊಂಡಿತು. ಪಾವಿನ ಯಜಮಾನಿಕೆ ನಮ್ಮ ಬೀದಿಯ ದೊಡ್ಡಜ್ಜಿಯದು, ಎಲ್ಲರಿಗಿಂತ ಹಿರಿಯಳು, ಪಾವಿನ ಹತ್ತಿರ ಅವಳ ಮಾತಿಗೆ ಎದುರಿಲ್ಲ. ಅವಳು ಹಿಂದೆ ಮುಂದೆ ನೋಡದೆ ಹತ್ತಿರ ಇದ್ದ ಟೀಚರಮ್ಮನ ಕೈಗೆ ಕೋಲು ಕೊಟ್ಟು, ಒಂದು ಗಳಿಗೆ ಹಿಡಿದುಕೊಳ್ಳಿ ಅಂದಳು. ಟೀಚರಮ್ಮ ಹಿಡಿದುಕೊಂಡರು. ಹಿಡಿದರೆ ಬಿಡುವಂತಿಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಕೂಸು ಅಳುವುದು ನಿಲ್ಲಲಿಲ್ಲ, ತಾಯಿ ಹೊರಗೆ ಬರಲಿಲ್ಲ. ಟೀಚರಮ್ಮ ಹೆಗಲಿಗೆ ಚೀಲ ನೇತುಹಾಕಿಕೊಂಡು ಒಂದು ಗಂಟೆಗೂ ಮೇಲೆ ಹಾಗೇ ನಿಂತರು. ನಾವು ಮಕ್ಕಳು ಬಾಗಿಲ ಹಿಂದೆ ಬಾಯಿಗೆ ಕೈ ಮುಚ್ಚಿಕೊಂಡು ನಗುತ್ತಿದ್ದೆವು.

ಸುಮ್ಮನೆ ನಿಂತಿರಲು ಮುಜುಗರವಾಗಿರಬೇಕು, ಅವರು ಮಾತಿಗೆ ಶುರುಮಾಡಿದರು. ಎದುರಿಗೆ ಎಳೆ ಬಿಡಿಸುತ್ತಿದ್ದವಳಿಗೆ, ನೀವು ಯಾರ ತಾಯಿ ಅಂತ ಕೇಳಿದರು. ಅವಳು ಹೇಳಿದಳು. ಓ, ಅವಳ ತಾಯಿಯೇ, ನಿನ್ನೆ ಅವಳು ಚಂದ್ರ ನಮ್ಮೂರಿಗೂ ಕೊಯಮತ್ತೂರಿಗೂ ಒಂದೇನಾ ಬೇರೆನಾ ಎಂದು ಕೇಳಿದಳು, ನಾನು ಒಂದೇ ಅಂದೆ, ಹಾಗಾದರೆ ಅಲ್ಲಿಯವರಿಗೆ ಕಾಣಲು ನಮ್ಮೂರನ್ನು ಬಿಟ್ಟು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಕೇಳಿದಳು ಅಂತ ತಮಿಳಿನಲ್ಲಿ ಹೇಳಿದರು. ಆ ತಾಯಿ ತಲೆಯೆತ್ತಲಿಲ್ಲ, ಎತ್ತುವಂತೆಯೂ ಇರಲಿಲ್ಲ, ಆದರೆ ಅವಳ ಕಿವಿಯವರೆಗೂ ನಗು ಹರಡಿತು. ಪಕ್ಕದವಳು ನನ್ನ ಮಗನದು ಹೇಳಿ ಅಂದಳು. ಅವಳ ಪಕ್ಕದವನು ತನ್ನ ಸರದಿಗೆ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಮಾತು ಎಳೆಯ ಮೇಲೆ ಕೈಯಿಂದ ಕೈಗೆ ದಾಟುತ್ತ ಹೋಯಿತು.

ಮಾರನೆಯ ದಿನ ಯಾರೂ ಕರೆಯಲಿಲ್ಲ, ಕೂಸೂ ಅಳಲಿಲ್ಲ. ಟೀಚರಮ್ಮ ತಾವಾಗಿ ಬಂದು ಚೀಲವನ್ನು ನಮ್ಮ ಮನೆಯ ಜಗಲಿಯ ಮೇಲಿಟ್ಟು ಕೋಲು ಹಿಡಿದುಕೊಂಡರು. ಅಪ್ಪ, ಅವ್ವ, ದೊಡ್ಡಪ್ಪ, ಅತ್ತೆ, ಎಲ್ಲರೂ ಒಂದೇ ಕಡೆ, ಕೈ ಕೆಲಸದಲ್ಲಿ, ಕಿವಿ ಖಾಲಿ, ಕಾಲು ಕದಲುವಂತಿಲ್ಲ. ಇಂಥ ಸಭೆಯನ್ನು ಯಾವ ಬೆಂಚು ಹಾಕಿ ಸೇರಿಸಲು ಸಾಧ್ಯ. ಬುದ್ಧಿವಂತೆ, ಎರಡೇ ದಿನದಲ್ಲಿ ಕಂಡುಕೊಂಡರು.

ಒಂದು ಸಲ ಮಾತ್ರ ಎಡವಿದರು. ಒಬ್ಬಳು ಹುಡುಗಿಗೆ ಬಳಪ ತಿನ್ನುವ ಚಟ. ತನ್ನದು ಮುಗಿದರೆ ಪಕ್ಕದವರ ಚೀಲಕ್ಕೆ ಕೈ ಹಾಕುತ್ತಿದ್ದಳು. ಪಾವಿನ ಹತ್ತಿರ ಅವಳ ತಾಯಿಗೆ ಟೀಚರಮ್ಮ, ನಿಮ್ಮ ಮಗಳಿಗೆ ಕದಿಯುವ ಬುದ್ಧಿ ಇದೆ ಅಂದುಬಿಟ್ಟರು. ಎತ್ತಬಾರದ ತಲೆಗಳನ್ನು ಸಾಲಿನವರೆಲ್ಲ ಎತ್ತಿದರು. ನಮ್ಮಲ್ಲಿ ಪಾವಿನ ಮೇಲೆ ಕೆಟ್ಟ ಮಾತು ಆಡುವಂತಿಲ್ಲ. ಜಗಳ, ಬೈಗುಳ, ಚಾಡಿ, ಸಾವಿನ ಸುದ್ದಿ, ಯಾವುದೂ ಕೂಡದು. ಎದುರುಬದುರು ಮನೆಯವರು ವರ್ಷಗಟ್ಟಲೆ ಮಾತು ಬಿಟ್ಟಿದ್ದರೂ ಪಾವಿನ ಎರಡು ಕಡೆ ನಿಂತು ಎಳೆ ಹಂಚಿಕೊಳ್ಳುತ್ತಾರೆ. ದೊಡ್ಡಜ್ಜಿ ಕೋಪಿಸಿಕೊಳ್ಳಲಿಲ್ಲ, ಕೋಪಿಸಿಕೊಳ್ಳುವಂತೆಯೂ ಇರಲಿಲ್ಲ.

“ಪಾವಿನ ಮುಂದ ಅಂತಾ ಮಾತು ಬ್ಯಾಡಮ್ಮ,” ಅಂದಳು. “ನೂಲು ಕೇಳ್ತದೆ.”

ಅಷ್ಟು ಕನ್ನಡ ಟೀಚರಮ್ಮನಿಗೂ ತಿಳಿಯಿತು, ಮುಖ ಕೆಂಪಾಯಿತು. ಮಾರನೆಯ ದಿನ ಅವರು ಬರಲಿಲ್ಲ, ಸ್ಕೂಲಿನ ಜಗಲಿಯ ಮೇಲೆ ಕೂತು ಇಡ್ಲಿ ತಿಂದರು. ಮೂರನೆಯ ದಿನ ಬಂದು, ಆ ತಾಯಿಯ ಎದುರಿಗೇ ನಿಂತು, ನಿಮ್ಮ ಮಗಳಿಗೆ ಬಳಪದ ರುಚಿ ಬಹಳ ಹಿಡಿಸಿದೆ, ಸ್ಲೇಟಿಗೆ ಉಳಿಯುತ್ತಲೇ ಇಲ್ಲ, ಸೊಪ್ಪು ಹೆಚ್ಚು ತಿನ್ನಿಸಿ ನೋಡಿ ಅಂದರು. ಸಾಲಿನವರೆಲ್ಲ ನಕ್ಕರು, ತಾಯಿಯೂ ನಕ್ಕಳು. ಅವತ್ತು ಸಂಜೆಯಿಂದ ಆ ಹುಡುಗಿಗೆ ಮೂರು ಹೊತ್ತೂ ನುಗ್ಗೆಸೊಪ್ಪು. ಏಟಿನಿಂದ ಬಿಡದಿದ್ದ ಚಟ ಸೊಪ್ಪಿನ ಬೇಸರಕ್ಕೆ ಬಿಟ್ಟುಹೋಯಿತು.

ಅಲ್ಲಿಂದ ಮುಂದೆ ಟೀಚರಮ್ಮ ಮಗು ಜಾಣೆ, ಮಗು ದಡ್ಡ, ಇಷ್ಟು ಮಾರ್ಕು ಅಂತ ಯಾವತ್ತೂ ಹೇಳಲಿಲ್ಲ. ತಾವು ಕಂಡದ್ದನ್ನು ಹೇಳುತ್ತಿದ್ದರು, ಅಷ್ಟೆ. ಇವನು ಎಡಗೈಯಲ್ಲಿ ಬರೆಯುವಾಗ ನಾಲಿಗೆ ಹೊರಗೆ ಹಾಕುತ್ತಾನೆ. ಇವಳು ಪಾಠ ಮುಗಿದರೂ ಪುಸ್ತಕ ಮುಚ್ಚುವುದಿಲ್ಲ, ಕೊನೆಯ ಚಿತ್ರವನ್ನು ಇನ್ನೊಮ್ಮೆ ನೋಡುತ್ತಾಳೆ. ಚೀಟಿಯಿಲ್ಲ, ಪುಸ್ತಕವಿಲ್ಲ, ನಲವತ್ತು ಮಕ್ಕಳ ನಿನ್ನೆಯ ದಿನ ಅವರ ತಲೆಯಲ್ಲಿ ಬೇರೆ ಬೇರೆಯಾಗಿ ಇರುತ್ತಿತ್ತು. ನಾವು ದಿನವಿಡೀ ಅವರನ್ನೇ ನೋಡಿಕೊಂಡು ಕೂತಿರುತ್ತಿದ್ದೆವು, ಅವರು ನಮ್ಮನ್ನು ಇಷ್ಟು ನೋಡಿದ್ದು ಯಾವಾಗ. ಇವತ್ತಿಗೂ ಅದನ್ನು ನೆನೆದರೆ ನನಗೆ ಬೆರಗು. ನಾನು ಒಬ್ಬಳೇ ಮಗಳನ್ನು ಸಾಕಿದವಳು, ಅವಳ ಒಂದು ದಿನವನ್ನೂ ಅಷ್ಟು ಸರಿಯಾಗಿ ಹೇಳಲಾರೆ.

ಆ ವರ್ಷ ನನ್ನ ಎದೆಯಲ್ಲಿ ಬೇರೆ ಒಂದು ಭಯ ಕೂತಿತ್ತು. ಒಂದು ಮಗ್ಗ ನಡೆಯಬೇಕಾದರೆ ಲಾಳಿಗೆ ಕಂಡಿಕೆ ಬೇಕು, ಅಂದರೆ ರಾಟೆಯ ಮುಂದೆ ಕೂತು ಯಾರಾದರೂ ಸಣ್ಣ ಕೊಳವೆಗಳಿಗೆ ನೂಲು ಸುತ್ತುತ್ತಲೇ ಇರಬೇಕು. ನಮ್ಮ ಮನೆಯಲ್ಲಿ ಅದು ಅವ್ವನ ಕೆಲಸ. ಆ ಮಳೆಗಾಲದಲ್ಲಿ ಅವ್ವನ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಪಾವಿಗೆ ಹೋಗುವುದು ನಿಂತಿತು, ರಾಟೆ ಅರ್ಧಕ್ಕಿಳಿಯಿತು. ಅಜ್ಜಿಗೆ ಕಣ್ಣು ಮಂಜು. ಒಂದು ದಿನ ಊಟ ಮಾಡುತ್ತ ಅಪ್ಪ, ಐದು ಮುಗಿದ ಮೇಲೆ ಇವಳು ರಾಟೆಗೆ ಕೂರಲಿ ಅಂದ. ಗದರಿ ಹೇಳಲಿಲ್ಲ, ಸಾರಿಗೆ ಉಪ್ಪು ಸಾಲದು ಅಂದ ಹಾಗೆ ಹೇಳಿದ. ಬೀದಿಯ ಹೆಣ್ಣುಮಕ್ಕಳಲ್ಲಿ ಆರನೇ ಕ್ಲಾಸಿಗೆ ಬಸ್ಸು ಹತ್ತಿದವಳು ಅದುವರೆಗೆ ಒಬ್ಬಳೂ ಇರಲಿಲ್ಲ, ಹಾಗಾಗಿ ಅದರಲ್ಲಿ ವಾದಿಸುವಂಥದ್ದು ಏನೂ ಅವನಿಗೆ ಕಂಡಿರಲಿಲ್ಲ.

ನನಗೆ ಓದಬೇಕಿತ್ತು. ಏಕೆ ಅಂತ ಕೇಳಿದರೆ ಆಗ ಹೇಳಲು ಬರುತ್ತಿರಲಿಲ್ಲ. ಟೀಚರಮ್ಮನ ಹತ್ತಿರ ಹೋಗಿ ಸ್ಕೂಲಿನ ಹಿಂದುಗಡೆ ನಿಂತು ಅತ್ತೆ. ಮೂಗು ಸುರಿಸಿಕೊಂಡು ಎಲ್ಲ ಹೇಳಿದೆ. ಅವರು ಸೆರಗಿನಿಂದ ನನ್ನ ಮುಖ ಒರೆಸಿ, ಸರಿ, ಒಳಗೆ ಹೋಗು ಅಂದರು. ನಾಳೆ ಬೆಳಗ್ಗೆ ಅಪ್ಪನಿಗೆ ಚೆನ್ನಾಗಿ ಬುದ್ಧಿ ಹೇಳುತ್ತಾರೆ ಅಂತ ನಾನು ಕುಣಿಯುತ್ತ ಒಳಗೆ ಹೋದೆ.

ಮರುದಿನ ಬಾಗಿಲ ಹಿಂದೆ ಕಿವಿಗೊಟ್ಟು ನಿಂತೆ. ಅಪ್ಪ ಕುಂಚ ಎಳೆಯುತ್ತ ಟೀಚರಮ್ಮನ ಹತ್ತಿರಕ್ಕೆ ಬಂದ. ಅವರು ಹೇಳಿದ್ದು ಇಷ್ಟು: ನಿಮ್ಮ ಮಗಳಿಗೆ ಭಾಗಾಕಾರದಲ್ಲಿ ಶೇಷ ಉಳಿದರೆ ಸಮಾಧಾನ ಆಗುವುದಿಲ್ಲ, ಹದಿನೇಳು ಮಾವಿನಹಣ್ಣನ್ನು ಐದು ಜನಕ್ಕೆ ಹಂಚಿ, ಉಳಿದ ಎರಡನ್ನು ನಿಮ್ಮ ಮನೆಯ ಅಜ್ಜಿಗೆ ಅಂತ ಬರೆದಿದ್ದಾಳೆ. ಸಾಲಿನವರು ನಕ್ಕರು. ಅಪ್ಪ ಕುಂಚ ಎಳೆಯುತ್ತ ಮುಂದೆ ಹೋದ.

ಇನ್ನೊಂದು ದಿನ, ಪಾಠದಲ್ಲಿ ಸಮುದ್ರ ಬಂದಾಗ ಇವಳು ಎದ್ದುನಿಂತು ಯಾರಾದರೂ ಸಮುದ್ರ ನೋಡಿದ್ದೀರಾ ಎಂದು ಕೇಳಿದಳು, ಯಾರೂ ನೋಡಿರಲಿಲ್ಲ, ನಾನೂ ನೋಡಿಲ್ಲ ಅಂತ ಒಪ್ಪಿಕೊಂಡೆ ಅಂದರು. ಮತ್ತೊಂದು ದಿನ ನೊಯ್ಯಲ್ ನದಿಯ ನಕ್ಷೆ ಬರೆದು ಅದನ್ನು ನಿಮ್ಮ ಬೀದಿಯ ಒಳಗೇ ಹರಿಸಿದ್ದಾಳೆ, ಪಾವಿಗೆ ನೀರು ಹತ್ತಿರ ಇರಲಿ ಅಂತಂತೆ. ಹೀಗೆ ತಿಂಗಳುಗಟ್ಟಲೆ. ಆರನೇ ಕ್ಲಾಸಿನ ಸೊಲ್ಲಿಲ್ಲ. ನನಗೆ ಟೀಚರಮ್ಮನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಇವರಿಗೆ ಇಷ್ಟು ಮಾತು ಬರುತ್ತದೆ, ಬೇಕಾದ ಒಂದು ಮಾತು ಬರುವುದಿಲ್ಲವಾ ಅಂತ ಹಲ್ಲು ಕಡಿಯುತ್ತಿದ್ದೆ. ಬೇಕೆಂದೇ ಎರಡು ದಿನ ಕ್ಲಾಸಿನಲ್ಲಿ ಬಾಯಿ ಬಿಡದೆ ಕೂತೆ. ಮೂರನೆಯ ದಿನ ಪಾವಿನ ಹತ್ತಿರ, ನಿಮ್ಮ ಮಗಳು ಎರಡು ದಿನದಿಂದ ನನ್ನ ಮೇಲೆ ಕೋಪದಲ್ಲಿದ್ದಾಳೆ, ಕೋಪದಲ್ಲೂ ಅಕ್ಷರ ದುಂಡಗೆ ಬರೆಯುತ್ತಾಳೆ ಅಂತ ಅದನ್ನೂ ಹೇಳಿಬಿಟ್ಟರು.

ಮನೆಯೊಳಗೆ ನಡೆಯುತ್ತಿದ್ದದ್ದನ್ನು ನಾನು ಗಮನಿಸಿದ್ದು ತಡವಾಗಿ. ಅಪ್ಪ ಮಾತಿನ ಆಳಲ್ಲ. ಮಗ್ಗದ ಕೆಳಗಿನ ಗುಂಡಿಗೆ ಕಾಲಿಳಿಸಿ ಕೂತರೆ ಲಾಳಿಯ ಸದ್ದು ಬಿಟ್ಟು ಬೇರೆ ಸದ್ದು ಕೇಳದು. ಆದರೆ ಪಾವು ಮುಗಿಸಿ ಬಂದು ಗಂಜಿ ಕುಡಿಯಲು ಕೂತಾಗ ಅವ್ವನಿಗೆ ಹೇಳುತ್ತಿದ್ದ. ಅವ್ವ ಈಗ ಪಾವಿಗೆ ಬರಲಾರಳಲ್ಲ, ಅವಳಿಗೆ ಸುದ್ದಿ ಬೇಕು. ಮಾವಿನಹಣ್ಣಿನ ಸುದ್ದಿ, ಸಮುದ್ರದ ಸುದ್ದಿ, ಬಳಪದ ಹುಡುಗಿಯ ಸುದ್ದಿ, ಒಂದೊಂದಾಗಿ, ಟೀಚರಮ್ಮ ಹೇಳಿದ್ದಕ್ಕಿಂತ ಸ್ವಲ್ಪ ಉದ್ದವಾಗಿ. ಅವ್ವ ಎಡಗೈಯಿಂದ ಭುಜ ಒತ್ತಿಕೊಳ್ಳುತ್ತ ಆಮೇಲೆ, ಆಮೇಲೆ ಅನ್ನುತ್ತಿದ್ದಳು. ದಿನಕ್ಕೆ ಹತ್ತು ಮಾತು ಆಡುತ್ತಿದ್ದ ನಮ್ಮಪ್ಪ, ಅದರಲ್ಲಿ ಎಂಟು ನಮ್ಮ ಕ್ಲಾಸಿನದು ಆಡುತ್ತಿದ್ದ. ಇಷ್ಟಾದರೂ ರಾಟೆಯ ಮಾತು ಬದಲಾಗಲಿಲ್ಲ. ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳಲ್ಲಿ ನನಗಂತಲೇ ಒಂದು ಕುಳ್ಳು ಮಣೆ ಮಾಡಿಸಿ ತಂದು ರಾಟೆಯ ಹತ್ತಿರ ಇಟ್ಟ. ನಾನು ಅದನ್ನು ಮುಟ್ಟದೆ ಸುತ್ತಿ ಬಳಸಿ ಓಡಾಡಿದೆ.

ಪೊಂಗಲ್ ಕಳೆದು ಸ್ವಲ್ಪ ದಿನಕ್ಕೆ ಟೀಚರಮ್ಮನಿಗೆ ವಿಷಮಜ್ವರ ಬಂತು. ಎರಡು ವಾರ ಬರಲಿಲ್ಲ. ಹೆಡ್ಮಾಸ್ಟರು ನಮ್ಮನ್ನೂ ನಾಲ್ಕನೆಯವರನ್ನೂ ಒಟ್ಟಿಗೆ ಕೂರಿಸಿ ಮಗ್ಗಿ ಹೇಳಿಸಿದರು. ಪಾವಿನ ಬೀದಿ ಮೂಕವಾಯಿತು. ಎರಡು ದಿನ ಸಹಿಸಿಕೊಂಡು ಮೂರನೆಯ ದಿನ ದೊಡ್ಡಜ್ಜಿ ನಮ್ಮನ್ನೇ ಕರೆದು, ಕ್ಲಾಸಲ್ಲಿ ಏನಾಯಿತು ಹೇಳಿ ಮಕ್ಕಳೇ ಅಂದಳು. ಏನೂ ಆಗಲಿಲ್ಲ ಅಂದೆವು. ನಮಗೆ ನಿಜವಾಗಿಯೂ ಏನೂ ಆದಂತೆ ಕಂಡಿರಲಿಲ್ಲ.

ಆಗ ಅಪ್ಪ ಬಾಯಿ ಬಿಟ್ಟ. ಬೀದಿಯಲ್ಲಿ ಅಪ್ಪ ತಾನಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕುಂಚ ಎಳೆಯುತ್ತ, ಯಾರ ಮುಖವನ್ನೂ ನೋಡದೆ ಹೇಳುತ್ತಾ ಹೋದ. ಆಡಿ ತಿಂಗಳಲ್ಲಿ ಮೂಲೆಮನೆಯ ಹುಡುಗ ಏಳರ ಮಗ್ಗಿಯಲ್ಲಿದ್ದ, ದೀಪಾವಳಿಗೆ ಹತ್ತಕ್ಕೆ ಬಂದಿದ್ದ, ಈಗ ಹನ್ನೆರಡು ದಾಟಿರಬೇಕು. ಚಂದ್ರನ ಬಗ್ಗೆ ಕೇಳಿದ ಹುಡುಗಿ ಆಮೇಲೆ ನಕ್ಷತ್ರದ ಬಗ್ಗೆ ಕೇಳಿದ್ದಳು, ಅದಕ್ಕೆ ಟೀಚರಮ್ಮ ಪುಸ್ತಕ ನೋಡಿ ಬಂದು ಹೇಳುತ್ತೇನೆ ಅಂದಿದ್ದರು, ಇನ್ನೂ ಹೇಳಿಲ್ಲ. ಎಡಗೈ ಹುಡುಗ ಮೊದಲು ನಾಲಿಗೆ ಹೊರಗೆ ಹಾಕುತ್ತಿದ್ದ, ಕಾರ್ತಿಕದ ಹೊತ್ತಿಗೆ ಅದು ನಿಂತಿತ್ತು. ಪಾವಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಹತ್ತು ಮನೆಯ ಮಕ್ಕಳ ವರ್ಷವನ್ನು ಹೇಳಿದ, ತಿರುಗಿ ಬರುತ್ತ ಉಳಿದವರದನ್ನು ಹೇಳಿದ. ಒಂದು ಮಗುವೂ ತಪ್ಪಲಿಲ್ಲ. ತಾಯಂದಿರಿಗೇ ಮರೆತುಹೋಗಿದ್ದು ಅವನಿಗೆ ನೆನಪಿತ್ತು.

ಅವ್ವನ ಬದಲು ನಾನು ಅವತ್ತು ಕೋಲು ಹಿಡಿದಿದ್ದೆ. ಬಸ್ಸಿನ ಬೋರ್ಡಿಗಿಂತ ಹೆಚ್ಚು ಓದು ಬಾರದ, ಸ್ಕೂಲಿನ ಮೆಟ್ಟಿಲು ಒಂದು ದಿನವೂ ಹತ್ತದ ಈ ಮನುಷ್ಯ ನಮ್ಮ ಇಡೀ ಕ್ಲಾಸನ್ನು ತಲೆಯಲ್ಲಿ ಇಟ್ಟುಕೊಂಡಿದ್ದ. ಸೀರೆಯ ಅಂಚಿನಲ್ಲಿ ಯಾವ ಎಳೆಯ ಪಕ್ಕ ಯಾವ ಎಳೆ ಅನ್ನುವುದು ನೋಡದೇ ಗೊತ್ತಿರುವವನು, ಅವನಿಗೆ ಅದು ಕಷ್ಟವಲ್ಲ ಅಂತ ಈಗ ತಿಳಿಯುತ್ತದೆ. ಆಗ ನಾನು ಅವನನ್ನು ಮೊದಲ ಸಲ ನೋಡುವವಳ ಹಾಗೆ ಬಾಯಿಬಿಟ್ಟು ನೋಡುತ್ತಿದ್ದೆ. ಕೋಲು ನೆಟ್ಟಗೆ ಹಿಡಿ ಅಂತ ದೊಡ್ಡಜ್ಜಿ ಹೇಳಬೇಕಾಯಿತು.

ಟೀಚರಮ್ಮ ಇನ್ನೂ ಸಣ್ಣಗಾಗಿ, ಉದುರಿದ ಕೂದಲಿಗೆ ಸೆರಗು ಹೊದ್ದು ವಾಪಸು ಬಂದರು. ಅವರು ಬಾಯಿ ಬಿಡುವ ಮುಂಚೆಯೇ ಬೀದಿಯವರು ಅಪ್ಪನ ಸಾಹಸವನ್ನು ವರದಿ ಮಾಡಿದರು. ಅವರು ಅಪ್ಪನನ್ನು ನೋಡಿದರು. ಅಪ್ಪ ನಾಚಿಕೊಂಡು ಗಂಜಿ ತರಲು ಹೋದ. ನಕ್ಷತ್ರದ ವಿಷಯ ಬಾಕಿ ಇದೆ ಅಂತ ಯಾರೋ ನೆನಪಿಸಿದರು, ಅವರು ಅದನ್ನು ಅಲ್ಲೇ ಹೇಳಿ ಮುಗಿಸಿದರು.

ಏಪ್ರಿಲ್ ತಿಂಗಳ ಕೊನೆ ಬಂತು. ಪರೀಕ್ಷೆ ಮುಗಿದಿತ್ತು, ಮಾರನೆಯ ದಿನದಿಂದ ರಜೆ. ಪಾವು ನಮ್ಮ ಮನೆಯದೇ. ಟೀಚರಮ್ಮ ಒಬ್ಬೊಬ್ಬರ ಹತ್ತಿರವೂ ಕೊನೆಯ ಸುದ್ದಿ ಹೇಳುತ್ತ ಬಂದರು. ಇಷ್ಟರಲ್ಲಿ ನಮ್ಮ ಬೀದಿಯ ಕನ್ನಡವನ್ನು ಅವರು ಅಲ್ಪಸ್ವಲ್ಪ ಕಲಿತಿದ್ದರು, ಆಡಿದರೆ ನಾವು ನಗುತ್ತೇವೆಂದು ಆಡುತ್ತಿರಲಿಲ್ಲ. ಅಪ್ಪ ಕುಂಚ ಎಳೆಯುತ್ತ ಎದುರಿಗೆ ಬಂದಾಗ ಕನ್ನಡದಲ್ಲೇ ಹೇಳಿದರು.

“ಅಣ್ಣಾ, ನನ್ ಕ್ಲಾಸು ಐದಕ್ಕೆ ಮುಗೀತದೆ. ಜೂನಿಂದ ಇವಳ ಸೇದಿ ನಂಗೆ ತಿಳಿಯಲ್ಲ.”

ಸೇದಿ ಅಂದರೆ ಸುದ್ದಿ, ಅದು ಅವರ ತಮಿಳು. ಅಷ್ಟು ಬಿಟ್ಟರೆ ಅವರು ಒಂದು ಮಾತೂ ಹೆಚ್ಚು ಆಡಲಿಲ್ಲ. ಕೇಳಿಕೊಳ್ಳಲಿಲ್ಲ, ಕಳಿಸಿ ಅನ್ನಲಿಲ್ಲ. ದನಿಯಲ್ಲಿ ಬೇಸರ ಕೂಡ ಇರಲಿಲ್ಲ, ಎಂದಿನಂತೆ ತಾವು ಕಂಡದ್ದನ್ನು ಹೇಳಿದ ಹಾಗಿತ್ತು. ಅಪ್ಪನ ಕುಂಚ ನಿಂತಿತು. ಹಸಿ ಗಂಜಿಯ ಮೇಲೆ ಕುಂಚ ನಿಂತರೆ ಎಳೆಗಳು ಅಲ್ಲೇ ಅಂಟಿಕೊಳ್ಳುತ್ತವೆ. ನಮ್ಮ ಸ್ವಂತ ಪಾವು ಅದು, ಎಳೆ ಅಂಟುತ್ತಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು, ಆದರೂ ಯಾರೂ ಕೂಗಲಿಲ್ಲ. ಕೊನೆಗೆ ದೊಡ್ಡಜ್ಜಿ ಅಪ್ಪನ ಮೊಣಕೈ ಮುಟ್ಟಿದಳು, ಅಪ್ಪ ಮುಂದೆ ನಡೆದ. ಅಂಟಿದ್ದನ್ನು ಬಿಡಿಸಲು ಎಂಟು ಜನ ಬಹಳ ಹೊತ್ತು ಕಷ್ಟಪಟ್ಟರು.

ಅವತ್ತು ಗಂಜಿ ಕುಡಿಯಲು ಕೂತವನು ಅವ್ವನಿಗೆ ಸುದ್ದಿ ಹೇಳಲಿಲ್ಲ. ಅವ್ವ ಕಾದಳು. ಏನಂದರು ಟೀಚರಮ್ಮ ಅಂತ ಎರಡು ಸಲ ಕೇಳಿದಳು. ಲೋಟ ಕೆಳಗಿಟ್ಟು ಅಪ್ಪ ಅಂದ:

“ಆರನೇ ಕಿಳಾಸಲ್ಲಿ ಏನ್ ನಡೀತದೆ ಅಂತ ನಮ್ಗೆ ಯಾರು ಹೇಳ್ತಾರೆ?”

ಇವಳು ರಾಟೆಗೆ ಕೂತರೆ ಯಾರು ಹೇಳುತ್ತಾರೆ, ಹೇಳುವುದಕ್ಕೆ ಏನಿರುತ್ತದೆ ಅಂತ ಅವ್ವ ಕೇಳಿದಳು. ಅಪ್ಪ ಲೋಟ ಮತ್ತೆ ಎತ್ತಿ, ಉಳಿದ ಗಂಜಿ ಕುಡಿದು ಮುಗಿಸಿದ. ಆಮೇಲೆ ನನ್ನ ಕಡೆ ತಿರುಗಿ, ಹೆಣ್ಣುಮಗುವನ್ನು ಮುದ್ದಿಗೆ ಕರೆಯುವ ಹಾಗೆ, “ಅಮ್ಮಿಣಿ, ನೀನೇ ಹೋಗಿ ಬಂದು ಹೇಳು,” ಅಂದ.

ಇದು ಹೇಳಿದಷ್ಟು ಸುಲಭದ ಮಾತಾಗಿರಲಿಲ್ಲ. ಕಂಡಿಕೆ ಯಾರು ಸುತ್ತಬೇಕು. ನಮ್ಮ ಬೀದಿಯಲ್ಲಿ ರಾಟೆ ಹೆಂಗಸರದು, ಮಗ್ಗ ಗಂಡಸರದು. ಅಪ್ಪ ರಾಟೆಗೆ ಕೂತ. ನನಗೆ ತಂದಿದ್ದ ಆ ಕುಳ್ಳು ಮಣೆಯ ಮೇಲೆ ಮೊಣಕಾಲು ಕಿವಿಗೆ ಮುಟ್ಟುವ ಹಾಗೆ ಕೂತು ಬೆಳಗಿನ ಕಂಡಿಕೆಗಳನ್ನೆಲ್ಲ ತಾನೇ ಸುತ್ತಿದ, ಸಂಜೆಯದನ್ನು ಶಾಲೆಯಿಂದ ಬಂದ ಮೇಲೆ ನಾನು ಸುತ್ತಬೇಕೆಂದು ಕರಾರಾಯಿತು. ಬಾಗಿಲಲ್ಲಿ ಹಾದುಹೋಗುವವರು ಸೀರೆ ಯಾವಾಗ ಉಡುತ್ತೀಯೋ ಅಂತ ಛೇಡಿಸುತ್ತಿದ್ದರು. ಅಪ್ಪ ನಗುತ್ತಲೂ ಇರಲಿಲ್ಲ, ಏಳುತ್ತಲೂ ಇರಲಿಲ್ಲ. ವಾರಕ್ಕೆ ಒಂದು ಸೀರೆ ಕಡಿಮೆಯೇ ಆಯಿತು.

ಜೂನಿನಲ್ಲಿ ನಾನು ಬಸ್ಸು ಹತ್ತಿ ಪಟ್ಟಣದ ಹೈಸ್ಕೂಲಿಗೆ ಹೋದೆ. ಒಂದು ಕೋಣೆಯಲ್ಲಿ ಅರವತ್ತು ಮಕ್ಕಳು. ಕನ್ನಡದವಳು ನಾನೊಬ್ಬಳೇ. ಪಾಠ ಮಾಡಿದವರು ಕರಿಹಲಗೆ ನೋಡಿ ಪಾಠ ಮಾಡಿ, ಕರಿಹಲಗೆ ನೋಡಿಕೊಂಡೇ ಹೊರಟುಹೋದರು. ನನ್ನ ಕಡೆ ಯಾರೂ ತಿರುಗಲಿಲ್ಲ. ಸಂಜೆ ಬಸ್ಸಿಳಿದು ಮನೆಗೆ ಬಂದಾಗ ನನಗೆ ಅಳು ತುಟಿಯ ಹತ್ತಿರವೇ ಇತ್ತು. ಅಪ್ಪ ಮಗ್ಗದ ಗುಂಡಿಯಲ್ಲಿದ್ದ. ಅವ್ವ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದಳು. ಇಬ್ಬರೂ ನನ್ನ ಮುಖ ನೋಡಿದರು.

ಏನೂ ಆಗಲಿಲ್ಲ ಅಂದೆ.

ಅಪ್ಪ ಲಾಳಿ ನಿಲ್ಲಿಸಿದ. ಸೂರ್ಯ ಮುಳುಗುವ ಮುಂಚೆ ಅಪ್ಪ ಮಗ್ಗ ನಿಲ್ಲಿಸಿದ್ದನ್ನು ನಾನು ಅವತ್ತೇ ನೋಡಿದ್ದು. ಗುಂಡಿಯಿಂದ ಕಾಲು ಮೇಲಕ್ಕೆ ತೆಗೆದುಕೊಂಡು, ನನ್ನ ಕಡೆ ತಿರುಗಿ ಚಕ್ಕಂಬಕ್ಕಳ ಹಾಕಿ ಕೂತ.

“ಎಷ್ಟ್ ಮಕ್ಳಿದ್ರು?”

ಅರವತ್ತು ಅಂದೆ.

“ಅರವತ್ತ್ ಮಕ್ಳಿದ್ದ ಕಡೆ ಏನೂ ಆಗ್ಲಿಲ್ಲ ಅಂದ್ರೆ ಎಂಗೆ?” ಅಂದ ಅಪ್ಪ. “ಅವ್ವಂಗೆ ಕೇಳೋ ಅಂಗೆ, ಒಬ್ಬೊಬ್ರದಾಗಿ ಹೇಳು.”

ನಾನು ಚೀಲ ಕೆಳಗಿಟ್ಟೆ. ನನ್ನ ಪಕ್ಕ ಕೂತಿದ್ದ ಹುಡುಗಿ ನೆನಪಾದಳು. ಅವಳು ಮಧ್ಯಾಹ್ನದ ಊಟದ ಡಬ್ಬಿಯನ್ನು ಯಾರಿಗೂ ಕಾಣದ ಹಾಗೆ ಗೋಡೆಯ ಕಡೆ ತಿರುಗಿ ತಿಂದಿದ್ದಳು. ಅದನ್ನು ನಾನು ನೋಡಿದ್ದೆ, ನೋಡಿದ್ದೇನೆ ಅಂತ ಆಗ ತಿಳಿಯಿತು. ಅವಳಿಂದ ಶುರುಮಾಡಿದೆ.